ವಿಡಿಯೋದಲ್ಲಿ ಹರಿದ ನೀರು, ನಮ್ ಮಕ್ಕಳ ಡ್ರಿಪ್ ಪೈಪು: ಒಂದು ಸ್ಮಾರ್ಟ್ ಕ್ಲಾಸಿನ ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಊರು, ಶಾಲೆ, ಮಕ್ಕಳು ಯಾರ ಹೆಸ್ರೂ ಇಲ್ಲಿ ಬರಲ್ಲ. ಗುರುತು ಸಿಗಬಾರ್ದು ಅಂತ ಒಂದೆರಡು ಸಣ್ಣಪುಟ್ಟ ವಿವರ ಬದಲಾಯ್ಸಿದೀನಿ. ಬಯಲುಸೀಮೆ ಕಡೆ ಒಂದು ಸರ್ಕಾರಿ ಹೈಸ್ಕೂಲು ಅಂದ್ಕೊಳ್ಳಿ, ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಇದ್ರಲ್ಲಿ ಎಡವಿದ್ದು ನಾನೇ, ಹಾಗಾಗಿ ಬೇರೆ ಯಾರ ಮೇಲೂ ದೂರು ಇಲ್ಲ.

ಹಿನ್ನೆಲೆ

ಊರ ಸುತ್ತ ಅಡಿಕೆ, ತೆಂಗು, ಅಲ್ಲಲ್ಲಿ ದಾಳಿಂಬೆ. ಎಲ್ಲಾ ಬೋರ್‌ವೆಲ್ ನೀರು, ಎಲ್ಲಾ ಡ್ರಿಪ್. ಈ ಡ್ರಿಪ್ ಅನ್ನೋದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ. ಆ ವರ್ಷ ಹತ್ತನೇ ಕ್ಲಾಸಲ್ಲಿ 41 ಮಕ್ಕಳು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೆಳಿಗ್ಗೆ ತೋಟಕ್ಕೆ ಹೋಗಿ ಗೇಟ್‌ವಾಲ್ ತಿರುಗ್ಸಿ ಆಮೇಲೆ ಶಾಲೆಗೆ ಬರೋರು.

ತಂತ್ರಜ್ಞಾನ ನಮ್ ಸರ್ಕಾರಿ ಶಾಲೆಗಳಿಗೆ ಹೊಸದೇನಲ್ಲ. ರೇಡಿಯೋ ಪಾಠ ಆಯ್ತು, 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ್ಮೇಲೆ ಚಾಮರಾಜನಗರ ಜಿಲ್ಲೆ ಪ್ರೈಮರಿ ಶಾಲೆಗಳಿಗೆ ಡಿಶ್ ಬಂತು, ಆಮೇಲೆ ಟಾಲ್ಪ್ ಅಂತ ಹೈಸ್ಕೂಲ್ ಮೇಷ್ಟ್ರುಗಳಿಗೆ ಕಂಪ್ಯೂಟರ್ ತರಬೇತಿ, 2017ರಲ್ಲಿ ದೀಕ್ಷಾ ಅನ್ನೋ ಆನ್‌ಲೈನ್ ಪಾಠದ ತಾಣ, ಪಠ್ಯಪುಸ್ತಕದ ಪಾಠಪಾಠಕ್ಕೂ ಒಂದು ಕ್ಯೂಆರ್ ಕೋಡ್, ಕೊರೋನಾ ವರ್ಷ ಚಂದನದಲ್ಲಿ ಸಂವೇದ ಪಾಠ. ಹೀಗೆ ಒಂದಾದ್ಮೇಲೊಂದು ಬಂದಿದೆ. ನಮ್ ಶಾಲೆಗೆ ಬಂದಿದ್ದು ಮಾತ್ರ ಊರಿನ ಹಳೇ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡ್ಸಿದ ಒಂದು ಪ್ರೊಜೆಕ್ಟರು, ಒಂದು ಜೊತೆ ಸ್ಪೀಕರು. ಲ್ಯಾಪ್‌ಟಾಪ್ ಮೊದ್ಲೇ ಕೆಲವು ಇದ್ವು, ಆನ್ ಆಗೋವು ಐದು.

ಶುರುನಲ್ಲಿ ಕಷ್ಟ ಕೊಟ್ಟಿದ್ದು ಪಾಠ ಅಲ್ಲ, ಬೆಳಕು. ಕಿಟಕಿಗೆ ಪರದೆ ಇಲ್ಲ, ಮಧ್ಯಾಹ್ನದ ಬಿಸಿಲಿಗೆ ಗೋಡೆ ಮೇಲಿನ ಚಿತ್ರ ನೀರಲ್ಲಿ ಅದ್ದಿ ತೆಗ್ದಂಗೆ ಕಾಣ್ತಿತ್ತು. ಕಣದಲ್ಲಿ ಹಾಸೋ ಟಾರ್ಪಾಲ್ ತಂದು ಕಟ್ಟಿದ್ವಿ, ಕತ್ತಲೇನೋ ಆಯ್ತು, ಜೊತೆಗೆ ಸೆಕೆ. ಪ್ರೊಜೆಕ್ಟರ್ ತಂದು, ವೈರ್ ಸಿಕ್ಕಿಸಿ, ಸೌಂಡ್ ಬರೋ ಹೊತ್ತಿಗೆ ನಲವತ್ತು ನಿಮಿಷದ ಪೀರಿಯಡ್ಡಲ್ಲಿ ಹನ್ನೆರಡು ನಿಮಿಷ ಹೋಗಿರ್ತಿತ್ತು. ಕೊನೆಗೆ ಹೆಚ್‌ಎಂ ಹತ್ರ ಕೇಳ್ಕೊಂಡು ಒಂದು ರೂಮನ್ನೇ ಇದಕ್ಕೆ ಅಂತ ಬಿಟ್ಟುಕೊಟ್ರು, ಪ್ರೊಜೆಕ್ಟರ್ ಅಲ್ಲೇ ಫಿಕ್ಸು, ಮಕ್ಕಳು ಅಲ್ಲಿಗೆ ನಡ್ಕೊಂಡು ಬರೋದು. ಇಡೀ ವರ್ಷದಲ್ಲಿ ದುಡ್ಡು ಖರ್ಚಿಲ್ದೆ ತಗೊಂಡ ಒಳ್ಳೇ ತೀರ್ಮಾನ ಇದು ಅಂತ ನನಗೆ ಈಗ್ಲೂ ಅನ್ಸುತ್ತೆ.

ನೆಟ್ ಶಾಲೆಯಲ್ಲಿ ಇಲ್ಲ. ರಾತ್ರಿ ಮನೇಲಿ ಫೋನಿನ ಡೇಟಾದಲ್ಲಿ ವಿಡಿಯೋ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ತರೋದು, ಅಷ್ಟೇ ವ್ಯವಸ್ಥೆ.

ಎಲ್ಲಾ ಚೆನ್ನಾಗಿದೆ ಅಂದ್ಕೊಂಡ ಎರಡು ವಾರ

ವಿದ್ಯುಚ್ಛಕ್ತಿ ಪಾಠ ಬಂತು. ನನಗೆ ಆ ಪಾಠ ಅಂದ್ರೆ ಮೊದ್ಲಿಂದ್ಲೂ ಸ್ವಲ್ಪ ಭಯ, ಯಾಕಂದ್ರೆ ಕಣ್ಣಿಗೆ ಕಾಣದ್ದನ್ನ ಬೋರ್ಡ್ ಮೇಲೆ ಗೆರೆ ಎಳೆದು ನಂಬ್ಸಬೇಕು. ಸರಿ ಇದಕ್ಕಿಂತ ಒಳ್ಳೇ ಟೈಮ್ ಇಲ್ಲ ಅಂತ ಮೂರು ವಿಡಿಯೋ ಹುಡುಕಿ ತಂದೆ. ಒಂದಂತೂ ತುಂಬಾ ಚೆನ್ನಾಗಿತ್ತು, ಕನ್ನಡದಲ್ಲೇ, ಪಾರದರ್ಶಕ ವೈರಿನ ಒಳಗೆ ನೀಲಿ ಗುಂಡುಗಳು ಓಡ್ತಾವೆ, ಹಿಂದೆ ಮ್ಯೂಸಿಕ್ಕು, "ವಿದ್ಯುತ್ ಪ್ರವಾಹವು ಕೊಳವೆಯಲ್ಲಿ ಹರಿಯುವ ನೀರಿನಂತೆ" ಅಂತ ನಿಧಾನಕ್ಕೆ ಹೇಳ್ತಾರೆ. ಸರಣಿ ಕ್ರಮದಲ್ಲಿ, ಅಂದ್ರೆ ಬಲ್ಬುಗಳನ್ನ ಒಂದರ ಹಿಂದೊಂದು ಒಂದೇ ದಾರೀಲಿ ಜೋಡಿಸಿದಾಗ, ಎಲ್ಲಾ ಕಡೆ ಪ್ರವಾಹ ಒಂದೇ ಅನ್ನೋದನ್ನೂ ಸ್ಪಷ್ಟವಾಗಿ ಹೇಳ್ತಾರೆ, ಒಂದ್ಸಲ ಅಲ್ಲ, ಎರಡು ಸಲ.

ಮಕ್ಕಳು ಗಪ್‌ಚಿಪ್. ಹಿಂದಿನ ಬೆಂಚಿನ ಗಲಾಟೆ ಇಲ್ಲ. ನಾನು ಗೋಡೆಗೆ ಒರಗಿ ನಿಂತ್ಕೊಂಡು ನೋಡ್ತಿದ್ದೆ, ಏನ್ ಶಿಸ್ತು ಅಂತ. ಅರ್ಥ ಆಯ್ತಾ ಅಂದ್ರೆ "ಆಯ್ತೂ ಸಾ" ಅಂತ ಒಂದೇ ಸ್ವರ. ಹೊರಗಿಂದ ಯಾರೋ ಅಧಿಕಾರಿಗಳು ಬಂದಾಗ ಹೆಚ್‌ಎಂ ಈ ಕ್ಲಾಸಿಗೇ ಕರ್ಕೊಂಡ್ ಬಂದ್ರು, ಫೋಟೋ ತೆಗ್ಸಿದ್ರು.

ಈ ಸಂಭ್ರಮಕ್ಕೆ ಸೂಜಿ ಚುಚ್ಚಿದ್ದು ನಮ್ ಗಣಿತದ ಮೇಡಂ. ಅವರ ಪೀರಿಯಡ್ಡಲ್ಲಿ ಹತ್ತು ನಿಮಿಷ ಉಳಿದಿತ್ತಂತೆ, ಸುಮ್ನೆ ಬೋರ್ಡ್ ಮೇಲೆ ಒಂದು ಶೆಲ್ಲು, ಸಾಲಾಗಿ ಎರಡು ಬಲ್ಬು ಬರೆದು, ಮೊದಲ ಬಲ್ಬಿಗಿಂತ ಮುಂಚೆ, ಎರಡರ ನಡುವೆ, ಎರಡನೇದು ಆದ್ಮೇಲೆ ಅಂತ ಮೂರು ಚುಕ್ಕಿ ಇಟ್ಟು, ಎಲ್ಲಿ ಕರೆಂಟ್ ಜಾಸ್ತಿ ಇರುತ್ತೆ, ಹೆಸರು ಬರೀಬೇಡಿ, ಚೀಟಿಲಿ ಉತ್ತರ ಬರೆದು ಕೊಡಿ ಅಂದಿದಾರೆ. ಸ್ಟಾಫ್‌ರೂಮಲ್ಲಿ ಚೀಟಿ ನನ್ ಮುಂದೆ ಸುರಿದ್ರು. 41ರಲ್ಲಿ 27 ಚೀಟೀಲಿ ಮೊದಲ ಚುಕ್ಕೀಲಿ ಜಾಸ್ತಿ, ಕೊನೇ ಚುಕ್ಕೀಲಿ ಕಮ್ಮಿ ಅಂತ ಇತ್ತು. ಬಲ್ಬು ಕರೆಂಟನ್ನ ತಿಂದ್ಹಾಕುತ್ತೆ ಅನ್ನೋ ಲೆಕ್ಕ.

ನಾನು ಮೊದ್ಲು ಮಾಡಿದ್ದು ಏನಂದ್ರೆ ಮಕ್ಕಳ ಮೇಲೆ ರೇಗಿದ್ದು. ಎರಡೆರಡು ಸಲ ಹೇಳಿದಾರಲ್ರೋ ವಿಡಿಯೋದಲ್ಲಿ, ಕಣ್ಣು ಎಲ್ಲಿಟ್ಟಿದ್ರಿ ಅಂತ. ಆಮೇಲೆ ಇನ್ನೊಂದು ವಿಡಿಯೋ ತಂದೆ, ಇದಕ್ಕಿಂತ ದೊಡ್ಡ ಬಜೆಟ್ಟಿಂದು. ಅದೂ ನೋಡಿದ್ರು. ಚೀಟೀಲಿ ಏನೂ ಬದಲಾಗ್ಲಿಲ್ಲ ಅಂತಾನೇ ಹೇಳಬಹುದು, ಎರಡೋ ಮೂರೋ ಜನ ಸರಿ ಮಾಡಿದ್ರು.

ಮೇಡಂ ಆಗ ಕೇಳಿದ ಮಾತು ಸಿಂಪಲ್. "ಅವ್ರು ಯಾಕೆ ಹಾಗೆ ಬರೀತಾರೆ ಅಂತ ಅವ್ರನ್ನೇ ಕೇಳಿದ್ರಾ ಸರ್?" ಕೇಳಿರ್ಲಿಲ್ಲ.

ಮಾರನೇ ದಿನ ಪ್ರೊಜೆಕ್ಟರ್ ಹಾಕ್ದೆ ಕೇಳ್ದೆ. ಐದು ನಿಮಿಷ ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ಮೂರನೇ ಬೆಂಚಿನ ಒಬ್ಬ ಹುಡುಗಿ, ಜಾಸ್ತಿ ಮಾತಾಡದವಳು, ಎದ್ದು ನಿಂತು, "ಸಾ, ಲೈನ್ ಕೊನೇಲಿರೋ ಗಿಡಕ್ಕೆ ನೀರು ಕಮ್ಮಿನೇ ಅಲ್ವಾ ಬರೋದು?" ಅಂದ್ಲು.

ನಾನು ನಿಂತಲ್ಲೇ ನಿಂತ್ಬಿಟ್ಟೆ. ವಿಡಿಯೋ ಮಾಡಿದವ್ರ ತಲೇಲಿ ಇದ್ದ ನೀರು ಬೇರೆ, ಅದು ಗಾಜಿನ ಪೈಪಲ್ಲಿ ಸುತ್ತು ಹೊಡೆದು ವಾಪಸ್ ಬರೋ ನೀರು. ನಮ್ ಮಕ್ಕಳಿಗೆ ಪೈಪಲ್ಲಿ ನೀರು ಅಂದ್ರೆ ಡ್ರಿಪ್. ಡ್ರಿಪ್ಪಲ್ಲಿ ಪ್ರತಿ ಗಿಡದ ಬುಡದಲ್ಲೂ ನೀರು ಸೋರಿ ಹೋಗುತ್ತೆ, ಹೋಗ್ಲೇಬೇಕು, ಅದಕ್ಕೇ ಇರೋದು ಅದು, ಹಾಗಾಗಿ ಮುಂದೆ ಮುಂದೆ ಹೋದಂಗೆ ಪೈಪಲ್ಲಿ ನೀರು ಕಮ್ಮಿ, ತುದೀಲಿರೋ ಗಿಡ ಒಣಗ್ತಾ ಇರುತ್ತೆ, ಅಪ್ಪ ಬೈತಾ ಇರ್ತಾನೆ. ಬಲ್ಬು ಅಂದ್ರೆ ಗಿಡ, ವೈರು ಅಂದ್ರೆ ಗಿಡದ ಸಾಲಿಗೆ ಹಾಸೋ ಲ್ಯಾಟರಲ್ ಪೈಪು. ಅವ್ರ ಲೆಕ್ಕ ಪಕ್ಕಾ ಇತ್ತು. ವಿಡಿಯೋದ ಮಾತನ್ನ ಅವ್ರು ಕೇಳಿಸ್ಕೊಳ್ಳದೆ ಇರ್ಲಿಲ್ಲ, ಕೇಳಿಸ್ಕೊಂಡು ತಮಗೆ ಗೊತ್ತಿರೋ ನೀರಿಗೆ ಸೇರಿಸ್ಕೊಂಡಿದ್ರು, ನಾನು ಗೋಡೆಗೆ ಒರಗಿ ನಿಂತಿದ್ರಿಂದ ನನಗೆ ಗೊತ್ತಾಗ್ಲಿಲ್ಲ, ಅಷ್ಟೇ.

ಇದು ನಮ್ ಊರಿನ ಕತೆ ಮಾತ್ರ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. ಯೂಟ್ಯೂಬಲ್ಲಿ ವೆರಿಟಾಸಿಯಮ್ ಚಾನೆಲ್ ಮಾಡಿರೋ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದೇ ಈ ವಿಷಯದ ಮೇಲೆ. ನೀಟಾಗಿ ವಿವರಿಸೋ ವಿಡಿಯೋ ನೋಡಿದ ವಿದ್ಯಾರ್ಥಿಗಳು ಚೆನ್ನಾಗಿ ಅರ್ಥ ಆಯ್ತು ಅಂತಾರೆ, ಪರೀಕ್ಷೆ ಕೊಟ್ರೆ ಅಂಕ ಹೆಚ್ಚೂಕಮ್ಮಿ ಅಲ್ಲೇ ಇರುತ್ತೆ. ತಪ್ಪು ಕಲ್ಪನೆಯನ್ನ ಎದುರಿಗಿಟ್ಟು ಜಗಳ ಆಡೋ ವಿಡಿಯೋ ನೋಡಿದವ್ರು ಗೊಂದಲ ಆಯ್ತು ಅಂತಾರೆ, ಆದ್ರೆ ಅವ್ರ ಅಂಕ ಏರುತ್ತೆ. ನಮ್ ಮಕ್ಕಳ "ಆಯ್ತೂ ಸಾ" ನೆನಪಾಗಿ ನಗು ಬಂತು, ಸ್ವಲ್ಪ ಹೊಟ್ಟೆನೂ ಉರೀತು.

ಏನೇನ್ ಮಾಡಿ ನೋಡಿದ್ವಿ

ವಿಡಿಯೋ ಪಕ್ಕಕ್ಕಿಟ್ಟು ಫೆಟ್ ತಂದ್ವಿ, ಅಂದ್ರೆ ಕಂಪ್ಯೂಟರ್ ಪರದೆ ಮೇಲೆ ನಾವೇ ಪ್ರಯೋಗ ಮಾಡಿ ನೋಡೋ ಸಾಫ್ಟ್‌ವೇರು. ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ್ದು, ನೊಬೆಲ್ ಬಂದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಫ್ರೀ. ಅದ್ರಲ್ಲಿ ನಾವೇ ಬ್ಯಾಟರಿ, ವೈರು, ಬಲ್ಬು, ಸ್ವಿಚ್ಚು ಎಳೆದು ಜೋಡಿಸ್ಬಹುದು, ಕರೆಂಟ್ ಅಳೆಯೋ ಆಮೀಟರ್ ಇಡಬಹುದು. ನಮ್ಮಂಥ ಶಾಲೆಗೆ ಇದ್ರ ದೊಡ್ಡ ಉಪಕಾರ ಅಂದ್ರೆ ಒಂದೊಂದು ಪ್ರಯೋಗನೂ ಒಂದೇ ಫೈಲು, ಒಂದ್ಸಲ ಇಳಿಸ್ಕೊಂಡ್ರೆ ಬ್ರೌಸರಲ್ಲಿ ನೆಟ್ ಇಲ್ದೇನೂ ಓಡುತ್ತೆ.

ಈ ಸಲ ಒಂದು ನಿಯಮ ಮಾಡ್ಕೊಂಡೆ. ಮೊದ್ಲು ಊಹೆ, ಆಮೇಲೆ ಸ್ವಿಚ್ಚು. ಸ್ವಿಚ್ ಒತ್ತೋಕೆ ಮುಂಚೆ ಎಲ್ರೂ ಬೆರಳು ತೋರಿಸ್ಬೇಕು, ಒಂದು ಬೆರಳು ಅಂದ್ರೆ ಮೊದಲ ಬಲ್ಬ್ ಜಾಸ್ತಿ ಉರಿಯುತ್ತೆ, ಎರಡು ಅಂದ್ರೆ ಎರಡನೇದು, ಮುಷ್ಟಿ ಅಂದ್ರೆ ಸಮ. ಪಕ್ಕದವ್ರನ್ನ ನೋಡಿ ಬೆರಳು ಬದಲಾಯ್ಸ್ತಾರೆ ಅಂತ ಕಣ್ಣು ಮುಚ್ಚಿಸಿ ಬೆರಳು ಎತ್ತಿಸ್ದೆ. ಹಿಂದೆ 'ಚುಕ್ಕಿ ಚಿನ್ನ' ರೇಡಿಯೋ ಪಾಠದಲ್ಲಿ ಪ್ರಶ್ನೆ ಕೇಳಿ ಮಕ್ಕಳು ಉತ್ತರ ಹೇಳೋಕೆ ಅಂತ ಸುಮ್ನೆ ಜಾಗ ಬಿಡ್ತಿದ್ರು ನೋಡಿ, ಅದೇ ಉಪಾಯ. ರೇಡಿಯೋಗೆ ಗೊತ್ತಿದ್ದದ್ದು ಪ್ರೊಜೆಕ್ಟರ್ ಬಂದ್ಮೇಲೆ ನನಗೆ ಮರ್ತುಹೋಗಿತ್ತು.

ಸ್ವಿಚ್ ಒತ್ತಿದ್ವಿ. ಎರಡೂ ಬಲ್ಬ್ ಸಮ, ಮೂರೂ ಕಡೆ ಮೀಟರಲ್ಲಿ ಒಂದೇ ಅಂಕಿ, ಪಾಯಿಂಟ್ ಆದ್ಮೇಲಿನ ಅಂಕಿ ಕೂಡ ಒಂದೇ. ನಾನು ಗೆದ್ದೆ ಅಂದ್ಕೊಂಡು ತಿರುಗಿದ್ರೆ ಹಿಂದಿನ ಬೆಂಚಿನ ಒಬ್ಬ ಹುಡುಗ, ಇವನನ್ನ ಪಂಪ್‌ಸೆಟ್ ಹುಡುಗ ಅಂತ ಕರೀತೀನಿ, ಕೈ ಕಟ್ಕೊಂಡು ಕೂತು ಹೇಳ್ದ: "ಸಾ, ಅದು ಕಂಪ್ಯೂಟ್ರು. ಅವ್ರು ಹೆಂಗ್ ಬೇಕೋ ಹಂಗೆ ತೋರಿಸ್ತಾರೆ. ನಿಜವಾದ್ ಮೀಟ್ರು ಯಾವತ್ತಾದ್ರೂ ಅಷ್ಟ್ ಕರೆಕ್ಟಾಗಿ ಒಂದೇ ತೋರ್ಸುತ್ತಾ?"

ಇಡೀ ಪ್ರಕರಣದ ತಿರುವು ಇದೇ ಅಂತ ನನಗನ್ಸುತ್ತೆ. ಅವನು ಉಡಾಫೆ ಮಾಡಿದ್ದಲ್ಲ, ಅವನ ಮಾತು ನ್ಯಾಯವಾಗಿತ್ತು. ಪರದೆ ಮೇಲೆ ಬಂದದ್ದು ಸಾಕ್ಷಿ ಅಲ್ಲ, ಅದು ಇನ್ನೊಬ್ರು ಬರೆದಿಟ್ಟ ಮಾತು. ಗುಂಡುಗಳು ಓಡೋ ವಿಡಿಯೋಗೂ ಇದಕ್ಕೂ ಆ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಆ ಕ್ಷಣ ನನ್ ಮುಂದೆ ಎರಡು ದಾರಿ ಇತ್ತು, ಕೂತ್ಕೋ ಅಂತ ಗದರಿಸಿ ಮುಂದೆ ಹೋಗೋದು, ಇಲ್ಲಾ ಬೀರು ತೆಗೆಯೋದು. ಪೀರಿಯಡ್ ಮುಗಿಯೋಕೆ ಎಂಟೇ ನಿಮಿಷ ಇತ್ತು. ನಾಳೆ ಬೀರು ತೆಗಿಯೋಣ ಅಂದೆ.

ಬೀರುವಿನಲ್ಲಿ ಎರಡು ಆಮೀಟರ್ ಸಿಕ್ವು, 500 ಮಿಲಿಆಂಪ್‌ವರೆಗೆ ಗೀಟು ಇರೋ ಹಳೇ ಮುಳ್ಳಿನ ಮೀಟರ್‌ಗಳು, ಒಂದರ ಗಾಜು ಸೀಳು. ಅಂಗಡಿಯಿಂದ ಎರಡು ಶೆಲ್ಲು, ಎರಡು ಟಾರ್ಚ್ ಬಲ್ಬು. ಬಲ್ಬ್ ಹೋಲ್ಡರ್ ಇಲ್ಲ ಅಂತ ವೈರನ್ನೇ ಸುತ್ತಿ ಹುಡುಗ್ರೇ ಹಿಡ್ಕೊಂಡ್ರು. ಒಂದು ಮೀಟರ್ ಬಲ್ಬಿಗಿಂತ ಮುಂಚೆ, ಇನ್ನೊಂದು ಎರಡೂ ಬಲ್ಬ್ ಆದ್ಮೇಲೆ. ಕನೆಕ್ಷನ್ ಕೊಟ್ರೆ ಬಲ್ಬಿಗಿಂತ ಮುಂಚಿನ ಮೀಟರ್ 240, ಬಲ್ಬ್ ಆದ್ಮೇಲಿನದು 220.

ಕ್ಲಾಸಲ್ಲಿ ಕೂಗೋ ಕೂಗು. "ನೋಡಿ ಸಾ ಕಮ್ಮಿ ಆಯ್ತು! ಇಪ್ಪತ್ತು ಬಲ್ಬ್ ತಿಂತು!" ನನ್ ಕಿವಿ ಬಿಸಿ ಆಯ್ತು. ಫೆಟ್ ತೋರ್ಸಿ ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲಪ್ಪಾ ಅನ್ಸಿದ್ದು ಸುಳ್ಳಲ್ಲ.

ಆಗ ಅದೇ ಪಂಪ್‌ಸೆಟ್ ಹುಡುಗ ಎದ್ದು ಬಂದ. "ಮೀಟ್ರು ಅದ್ಲುಬದ್ಲು ಮಾಡಿ ಸಾ. ನಮ್ ಪಂಪ್‌ಸೆಟ್ ಪ್ಯಾನೆಲ್ ಬೋರ್ಡಲ್ಲಿರೋದೂ ಹಿಂಗೇ, ಒಂದೊಂದು ಒಂದೊಂದ್ ತೋರ್ಸುತ್ತೆ." ಅವನೇ ಸ್ಕ್ರೂ ಬಿಚ್ಚಿ ಅತ್ಲಾಗಿದ್ದನ್ನ ಇತ್ಲಾಗೆ ಹಾಕ್ದ. ಈಗ ಬಲ್ಬಿಗಿಂತ ಮುಂಚೆ 220, ಬಲ್ಬ್ ಆದ್ಮೇಲೆ 240. ಒಂದು ನಿಮಿಷ ಎಲ್ಲಾ ಮುಖಮುಖ ನೋಡ್ಕೊಂಡ್ರು. ಆಮೇಲೆ ಡ್ರಿಪ್ ಮಾತು ಹೇಳಿದ ಹುಡುಗಿ ಮೆಲ್ಲಗೆ, "ಹಂಗಾದ್ರೆ ಈಗ ಬಲ್ಬು ಇಪ್ಪತ್ತು ಕೊಡ್ತಾ?" ಅಂದ್ಲು. ಎಲ್ಲಾ ಬಿದ್ದುಬಿದ್ದು ನಕ್ರು. ಗಾಜು ಸೀಳಿದ ಮೀಟರ್ ಎಲ್ಲಿ ಇಟ್ರೂ ಇಪ್ಪತ್ತು ಕಮ್ಮಿನೇ ತೋರ್ಸುತ್ತೆ ಅಂತ ಅವ್ರೇ ತೀರ್ಮಾನ ಮಾಡಿದ್ರು. ನಾನು ಇಡೀ ಹೊತ್ತು ಮಾಡಿದ ಕೆಲ್ಸ ಅಂದ್ರೆ ಶೆಲ್ಲು ಹಿಡ್ಕೊಂಡು ನಿಂತಿದ್ದು.

ಇದಾದ್ಮೇಲೆ ಮತ್ತೆ ಫೆಟ್‌ಗೆ ಹೋದ್ವಿ, ಈಗ ಅದಕ್ಕೆ ಬೇರೆ ಬೆಲೆ ಬಂತು. ವೈರಿನ ಒಳಗೆ ಏನಾಗ್ತಿರಬಹುದು ಅನ್ನೋದನ್ನ ಬೀರುವಿನ ಮೀಟರ್ ತೋರ್ಸಲ್ಲ, ಫೆಟ್ ತೋರ್ಸುತ್ತೆ. ಸ್ವಿಚ್ ಒತ್ತಿದ್ ಕೂಡ್ಲೇ ಎಲ್ಲಾ ಕಡೆ ಗುಂಡುಗಳು ಒಟ್ಟಿಗೇ ಹೊರಡ್ತಾವೆ, ಬ್ಯಾಟರಿಯಿಂದ ಒಂದೊಂದಾಗಿ ಬರಲ್ಲ, ಬಲ್ಬಲ್ಲಿ ಒಂದೂ ಕಳ್ದುಹೋಗಲ್ಲ. ಕಳ್ಕೊಳ್ಳೋದು ಶಕ್ತಿ, ಎಲೆಕ್ಟ್ರಾನ್ ಅಲ್ಲ ಅಂತ ಮಕ್ಕಳೇ ಎಣಿಸಿ ಎಣಿಸಿ ಹೇಳಿದ್ರು.

ಐದು ಲ್ಯಾಪ್‌ಟಾಪಿಗೆ ಎಂಟೆಂಟು ಮಕ್ಕಳು. ಮೊದಲ ದಿನವೇ ಮೌಸ್ ಹುಡುಗ್ರ ಕೈಗೆ ಹೋಯ್ತು, ಹುಡುಗೀರು ಹಿಂದೆ ನಿಂತು ಇಣುಕ್ತಿದ್ರು. ಮೇಡಂ ಒಂದು ಕಟ್ಟು ಮಾಡಿದ್ರು, ಮೌಸ್ ಹಿಡಿದವ್ರು ಬಾಯಿ ಬಿಡಂಗಿಲ್ಲ, ಉಳಿದವ್ರು ಹೇಳಿದ್ದನ್ನ ಮಾತ್ರ ಮಾಡ್ಬೇಕು. ಎರಡೇ ನಿಮಿಷದಲ್ಲಿ ಮೌಸ್ ಯಾರಿಗೂ ಬೇಡ ಆಯ್ತು. ಶಾರ್ಟ್ ಸರ್ಕ್ಯೂಟ್ ಮಾಡಿದ್ರೆ ಪರದೆ ಮೇಲೆ ಬ್ಯಾಟರಿಗೆ ಬೆಂಕಿ ಹತ್ಕೊಳ್ಳುತ್ತೆ, ಅದನ್ನಂತೂ ಪ್ರತಿ ಗುಂಪೂ ನಾಲ್ಕು ಸಲ ಮಾಡ್ತು, ಬಿಟ್ಬಿಟ್ಟೆ.

ಏನಾಯ್ತು

ಒಂದು ತಿಂಗಳಾದ್ಮೇಲೆ ಮೇಡಂ ಮತ್ತೆ ಚೀಟಿ ತಗೊಂಡ್ರು, ಈ ಸಲ ಮೂರು ಬಲ್ಬು, ಚಿತ್ರ ತಿರುಗಾ ಮುರುಗಾ. ತಪ್ಪು ಬರೆದವ್ರು 8 ಜನ. ಖುಷಿ ಆಯ್ತು, ಆದ್ರೆ ಪೂರ್ತಿ ಖುಷಿ ಪಡೋ ಹಂಗಿರ್ಲಿಲ್ಲ. ಸಮಾಂತರ ಕ್ರಮದ, ಅಂದ್ರೆ ಬಲ್ಬುಗಳನ್ನ ಬೇರೆ ಬೇರೆ ಕವಲಲ್ಲಿ ಜೋಡಿಸೋ, ಪ್ರಶ್ನೇಲಿ ಹೊಸ ತಪ್ಪು ಶುರು ಆಗಿತ್ತು, ಎಲ್ಲಾ ಕಡೆ ಕರೆಂಟ್ ಒಂದೇ ಅನ್ನೋದನ್ನ ಅಲ್ಲಿಗೂ ತಗೊಂಡ್ಹೋಗಿದ್ರು. ಹತ್ತು ಹನ್ನೆರಡು ಜನ. ಅಲ್ಲಿ ಕವಲಲ್ಲಿ ಪ್ರವಾಹ ಹಂಚಿಹೋಗುತ್ತೆ ಅಂತ ಹೇಳೋಕೆ ನಾನು ಓಡಿಸಿದ್ದ ಡ್ರಿಪ್ಪನ್ನೇ ವಾಪಸ್ ಕರಿಬೇಕಾಯ್ತು, ಮೇನ್ ಲೈನಿಂದ ಲ್ಯಾಟರಲ್‌ಗಳಿಗೆ ನೀರು ಪಾಲಾಗಲ್ವಾ ಹಂಗೆ, ಆದ್ರೆ ಇಲ್ಲಿ ಒಂದು ಹನಿನೂ ನೆಲಕ್ಕೆ ಬೀಳಲ್ಲ, ಎಲ್ಲಾ ಸೇರ್ಕೊಂಡು ವಾಪಸ್ ಬರುತ್ತೆ ಅಂತ. ಅದು ಬೇಗ ಹತ್ತಿತು.

ಇನ್ನೊಂದು ಬೆಲೆನೂ ತೆರಬೇಕಾಯ್ತು. ಈ ಪಾಠಕ್ಕೆ ಲೆಕ್ಕಕ್ಕಿಂತ ಐದು ಪೀರಿಯಡ್ ಜಾಸ್ತಿ ಹೋಯ್ತು, ಮಾನವನ ಕಣ್ಣಿನ ಪಾಠ ಓಡಿಸ್ಕೊಂಡು ಮುಗಿಸ್ದೆ, ಅದ್ರಲ್ಲಿ ಮಕ್ಕಳು ಕಷ್ಟಪಟ್ರು. ಸಿಲಬಸ್ ಮುಗಿಸೋ ಒತ್ತಡ ಇರೋ ಮೇಷ್ಟ್ರಿಗೆ ಎಲ್ಲಾ ಪಾಠನೂ ಹಿಂಗೇ ಮಾಡಿ ಅಂತ ನಾನು ಹೇಳಲ್ಲ. ಮಕ್ಕಳು ಮನೆಯಿಂದ್ಲೇ ಒಂದು ಗಟ್ಟಿ ತಪ್ಪು ಲೆಕ್ಕ ಹೊತ್ಕೊಂಡು ಬರೋ ಪಾಠ ಯಾವ್ದು, ಅಲ್ಲಿ ಮಾತ್ರ ನಿಧಾನ ಮಾಡಿ, ಉಳಿದ ಕಡೆ ಒಂದು ಒಳ್ಳೇ ವಿಡಿಯೋ ಹಾಕಿ ಮುಂದೆ ಹೋದ್ರೆ ಏನೂ ಮುಳುಗಲ್ಲ.

ನಾನೀಗ ಮಾಡೋದು ಇಷ್ಟು. ವಿಡಿಯೋ ಸೌಂಡ್ ಆಫ್ ಮಾಡಿ ಮೊದಲ ಸಲ ಹಾಕ್ತೀನಿ, ಏನ್ ನಡೀತಿದೆ ಅಂತ ಮಕ್ಕಳೇ ಹೇಳ್ಬೇಕು, ಆಗ ಅವ್ರ ತಲೇಲಿರೋ ನೀರು ಯಾವ್ದು ಅಂತ ಹೊರಗೆ ಬರುತ್ತೆ. ಗೋಡೆಗೆ ಒರಗೋದು ಬಿಟ್ಟು ಪಕ್ಕದಿಂದ ಮಕ್ಕಳ ಮುಖ ಕಾಣೋ ಹಂಗೆ ನಿಲ್ತೀನಿ. ಪ್ರಯೋಗ ಮಾಡಕ್ಕಾಗೋದನ್ನ ಮೊದ್ಲು ಕೈಯಲ್ಲೇ ಮಾಡಿಸಿ ಆಮೇಲೆ ಪರದೆಗೆ ಹೋಗ್ತೀನಿ, ಉಲ್ಟಾ ಮಾಡಿದ್ರೆ ಪಂಪ್‌ಸೆಟ್ ಹುಡುಗನಂಥವ್ರು ಒಪ್ಪಲ್ಲ, ಒಪ್ಪೋರು ಒಪ್ಪಿದಂಗೆ ನಟಿಸ್ತಾರೆ. ಕಾಣದ ವಿಷಯಕ್ಕೆ, ಎಲೆಕ್ಟ್ರಾನು, ಅಣು, ಗ್ರಹಣ, ಅಲ್ಲಿ ಪರದೆನೇ ದೊರೆ.

ಇನ್ನೊಂದು ಹೇಳ್ದೆ ಮುಗಿಸೋಕೆ ಆಗಲ್ಲ. ಪಾಠ ಮುಗ್ದು ವಾರ ಆಗಿತ್ತು, ಪಂಪ್‌ಸೆಟ್ ಹುಡುಗ ಅವರಪ್ಪನ ಫೋನ್ ತಗೊಂಡು ಬಂದ. ಪ್ಯಾನೆಲ್ ಬೋರ್ಡಿಂದು ಎರಡು ಫೋಟೋ, ಅವರಪ್ಪ ಜೊತೇಲಿ ನಿಂತು ಗಾಜಿನ ಆಚೆಯಿಂದ ತೆಗ್ಸಿದ್ದು, ಮುಟ್ಟಿಲ್ಲ ಅಂತ ಮೂರು ಸಲ ಹೇಳ್ದ. ಒಂದ್ರಲ್ಲಿ ವೋಲ್ಟ್ 400 ಹತ್ರ, ಇನ್ನೊಂದ್ರಲ್ಲಿ 340. ವೋಲ್ಟ್ ಕಮ್ಮಿ ಇರೋ ಫೋಟೋದಲ್ಲಿ ಆಂಪ್ಸ್ ಜಾಸ್ತಿ. "ವೋಲ್ಟ್ ಇಳಿದ್ರೆ ಆಂಪ್ಸೂ ಇಳೀಬೇಕು ಅಂತ ಬರೆಸಿದ್ರಲ್ಲ ಸಾ, ಓಮ್‌ನ ನಿಯಮ. ನಮ್ ಮೋಟ್ರಿಗೆ ಅದು ಗೊತ್ತಿಲ್ವಾ?"

ಫೋಟೋನ ಪ್ರೊಜೆಕ್ಟರಿಗೆ ಹಾಕ್ದೆ, ಕಾಲು ಭಾಗ ಗೋಡೆ ತುಂಬ ಅವರ ತೋಟದ ಮೀಟರು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ, ನಾಳೆ ಅಂದೆ. ರಾತ್ರಿ ಹುಡುಕಿ ಓದಿ, ಮೋಟ್ರು ಬಲ್ಬಿನಂಗೆ ಬರೀ ರೋಧ, ಅಂದ್ರೆ ಕರೆಂಟಿಗೆ ಅಡ್ಡಿ ಮಾಡೋ ವಸ್ತು, ಅಲ್ಲ, ಅಷ್ಟೇ ನೀರು ಎತ್ತೋಕೆ ಹೆಚ್ಚೂಕಮ್ಮಿ ಅಷ್ಟೇ ಶಕ್ತಿ ಬೇಕು, ವೋಲ್ಟ್ ಕಮ್ಮಿ ಸಿಕ್ರೆ ಆಂಪ್ಸ್ ಜಾಸ್ತಿ ಎಳ್ಕೊಳ್ಳುತ್ತೆ, ವೈಂಡಿಂಗ್ ಬಿಸಿಯಾಗಿ ಸುಡೋದು ಅದಕ್ಕೇ ಅಂತ ಮಾರನೇ ದಿನ ಹೇಳ್ದೆ. ಓಮ್ ಹೇಳಿದ್ದು ಯಾವ ಯಾವ ವಸ್ತುವಿಗೆ ಅಂತ ನನ್ ಹದಿನಾಲ್ಕು ವರ್ಷದ ಸರ್ವೀಸಲ್ಲಿ ಮೊದಲ ಸಲ ಕ್ಲಾಸಲ್ಲಿ ಮಾತಾಡಿದ್ದು ಅವತ್ತು.

ಆ ಎರಡು ಫೋಟೋ ಈಗ್ಲೂ ಶಾಲೆ ಲ್ಯಾಪ್‌ಟಾಪಲ್ಲಿ ಇದೆ. ಈ ವರ್ಷದ ಹತ್ತನೇ ಕ್ಲಾಸಿಗೆ ವಿದ್ಯುಚ್ಛಕ್ತಿ ಪಾಠ ಶುರು ಮಾಡಿದ್ದು ಅದ್ರಿಂದ್ಲೇ, ನೀಲಿ ಗುಂಡಿನ ವಿಡಿಯೋ ಇನ್ನೂ ಹಾಕಿಲ್ಲ.